‘ಯಾರು ನೋಡ್ಯಾರ?’ ಎನ್ನುತ್ತಿದ್ದ ಅಕ್ಕ

ಹೋದ ತಿಂಗಳು ಕೆನಡಾದ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಟೊರೊಂಟೊ ಹತ್ತಿರದ ಸ್ಟೌಫ್‌ವಿಲ್‌ನಲ್ಲಿದ್ದ ಧಾರವಾಡದ ಕಡೆಯ ಹೆಣ್ಣುಮಗಳೊಬ್ಬರು ತೀರಿಕೊಂಡರು, ಬಹಳ ಸಾತ್ವಿಕ ಸ್ವಭಾವ, ಮನೆಗೆ ಬಂದವರನ್ನು ಉಪಚರಿಸುವುದರಲ್ಲಿ ಎತ್ತಿದ ಕೈ, ಅವರು ಬಡಿದ ಜೋಳದ ರೊಟ್ಟಿ ತಿಂದವರು ಎಂದೂ ಮರೆಯಲಾರರು, ಓಂ ಶಾಂತಿ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಓದಿದಾಗ ಅಳುವಿಗಿಂತ ಮೊದಲು ನನಗೆ ನಗು ಬಂತು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಎಲ್ಲರೂ ಹೊಗಳಿಕೊಂಡು ತಿನ್ನುತ್ತಿದ್ದ ಖಡಕ್ ರೊಟ್ಟಿ ಜಾರ್ಜ್‌ಟೌನ್‌ನಲ್ಲಿರುವ ಬೆಳಗಾವಿಯ ಹೆಂಗಸೊಬ್ಬರ ಕೈಯದು. ಯಾರಾದರೂ ಹೊಗಳಿದರೆ ಅಕ್ಕ ಹೌದೆನ್ನುತ್ತಲೂ ಇರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಹಾಕುತ್ತಾ ಮೆಲ್ಲಗೆ, "ಇವರೆಲ್ಲಾ ತಿಂತಾರ, ಹೊಗಳತಾರ. ಬಡಿಯೂದು ಯಾರು ನೋಡ್ಯಾರ?" ಎನ್ನುತ್ತಿದ್ದರು.

ಆ ಸಂದೇಶದಲ್ಲಿ ಅವರು ಏನು ಕೆಲಸ ಮಾಡುತ್ತಿದ್ದರು ಎಂಬ ಸುದ್ದಿಯೇ ಇರಲಿಲ್ಲ. ಕೊನೆಯ ಕೆಲವು ವರ್ಷ ಟೊರೊಂಟೊದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು ಎಂಬುದು ಬಳಗದ ಒಂದಿಬ್ಬರಿಗೆ ಗೊತ್ತಿರಬಹುದು. ಅದಕ್ಕೂ ಮೊದಲಿನ ಕಾಲ ಗೊತ್ತಿರುವವಳು ಇಲ್ಲಿ ಬಹುಶಃ ನಾನೊಬ್ಬಳೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯೂನಿಯನ್‌ವಿಲ್ ಸ್ಟೇಷನ್ನಿಗೆ ಹತ್ತಿರ, ಸಾಫ್ಟ್‌ವೇರ್ ಕಚೇರಿಗಳ ನಡುವಿನ ಕಂದು ಕಟ್ಟಡವೊಂದರಲ್ಲಿ ನಮ್ಮ ಲ್ಯಾಬ್ ಇತ್ತು. ದಾನಿಗಳಿಂದ ತೆಗೆದ ಕಿಡ್ನಿಯನ್ನು ಇನ್ನೊಬ್ಬರ ದೇಹಕ್ಕೆ ಜೋಡಿಸುವವರೆಗೆ ತಣ್ಣಗೆ ಕಾಪಾಡಿ ಇಡುತ್ತಾರಲ್ಲ, ಆ ಹೊತ್ತಿನಲ್ಲಿ ಆಮ್ಲಜನಕ ಸಿಗದೆ ಅದರ ಜೀವಕೋಶಗಳು ಹಾಳಾಗುತ್ತವೆ. ಆ ಹಾನಿಯನ್ನು ತಡೆಯುವ ಔಷಧಿಯೊಂದರ ಮೇಲೆ ನಮ್ಮ ಬಾಸ್ ಕೆಲಸ ಮಾಡುತ್ತಿದ್ದರು. ನಾನು ಇಲ್ಲಿಯೇ ಓದು ಮುಗಿಸಿ, ತಾತ್ಕಾಲಿಕ ಪರ್ಮಿಟ್ಟಿನ ಮೇಲೆ ಟೆಕ್ನಿಷಿಯನ್ ಆಗಿ ಸೇರಿದ್ದೆ. ಅಕ್ಕ ಪಿಎಚ್‌ಡಿ ಮುಗಿಸಿ, ಧಾರವಾಡದಲ್ಲಿ ಕೆಲಕಾಲ ಪಾಠ ಮಾಡಿ ಬಂದಿದ್ದ ಸಂಶೋಧಕಿ.

ಮೊದಲ ದಿನ ನಾನು ಅವರನ್ನು "ಮೇಡಂ" ಎಂದೆ.

"ಮೇಡಂ ಬ್ಯಾಡವಾ, ಅಕ್ಕಾ ಅನ್ನು," ಎಂದರು. "ಇಲ್ಲಿ ನಿನ್ನೆ ಬಂದ ಹುಡುಗೂರೂ ಹೆಸರು ಹಿಡದ ಕರೀತಾರ. ನನಗ ಇನ್ನೂ ಮೈ ಝುಮ್ ಅಂತೈತಿ."

ಯಾವ ಮಾತು ಹೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದುದು ‘ಯಾರು ನೋಡ್ಯಾರ?’. ನಾಳೆ ಹಿಮ ಬೀಳುತ್ತದಂತೆ ಎಂದರೆ, ಯಾರು ನೋಡ್ಯಾರ? ಯಾರದೋ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತಂತೆ ಎಂದರೆ, ಯಾರು ನೋಡ್ಯಾರ? ಈ ಕೆಮಿಕಲ್ ಇನ್ನೂ ಚೆನ್ನಾಗಿದೆ ಎಂದರೆ ಬಾಟಲಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿಯುತ್ತಿದ್ದರು. ಅವರ ಗಂಡ ಒಮ್ಮೆ ಬೇಸತ್ತು, "ನಾನು ನಿನ್ನ ಗಂಡ ಹೌದೋ ಅಲ್ಲೋ ಅಂತನೂ ಟೆಸ್ಟ್ ಮಾಡಸು," ಎಂದಿದ್ದರಂತೆ.

ಒಂದು ಚಳಿಗಾಲದ ಬೆಳಿಗ್ಗೆ ಕಟ್ಟಡದ ಫೈರ್ ಅಲಾರಂ ಹೊಡೆದುಕೊಂಡಿತು. ಎಲ್ಲರೂ ಕೋಟು ಎಳೆದುಕೊಂಡು ಪಾರ್ಕಿಂಗ್ ಜಾಗಕ್ಕೆ ಓಡಿದೆವು. ಕೊನೆಗೆ ಬಂದ ಅಕ್ಕನ ಮೈಮೇಲೆ ಚಳಿಯ ಕೋಟೇ ಇಲ್ಲ. ತೆಳ್ಳನೆಯ ಲ್ಯಾಬ್ ಕೋಟಿನಲ್ಲಿ, ಎರಡೂ ಕೈಯಲ್ಲಿ ಐಸ್ ತುಂಬಿದ ಡಬ್ಬಿ ಅಪ್ಪಿಕೊಂಡು ಬಂದರು. ಅದರಲ್ಲಿ ಆ ವಾರವೆಲ್ಲ ಜೀವಕೋಶಗಳಿಂದ ತೆಗೆದ ಆರ್‌ಎನ್‌ಎ ತುಂಬಿದ ಟ್ಯೂಬುಗಳು. "ಬೆಚ್ಚಗಾದ್ರ ಸತ್ತು ಹೋಗ್ತಾವ," ಎಂದು ಒಮ್ಮೆ ಗಾಬರಿಯಿಂದ ಸುತ್ತ ನೋಡಿದರು. ಎದುರಿಗೆ ಮೊಣಕಾಲೆತ್ತರದ ಹಿಮದ ರಾಶಿ. ಡಬ್ಬಿಯನ್ನು ಅದರೊಳಗೆ ಊರಿ, ತಮಗೆ ತಾವೇ ನಗತೊಡಗಿದರು. "ಎಂಥಾ ಹುಚ್ಚಿ ನಾನು! ದೇಶಕ್ಕ ದೇಶನ ಫ್ರೀಜರ್ ಐತಿ." ನಾನು ನನ್ನ ಶಾಲನ್ನು ಅವರಿಗೆ ಹೊದಿಸಿದೆ.

ನಾವಿಬ್ಬರೂ ಒಂದೇ ಲೈನಿನ ರೈಲಿನಲ್ಲಿ ಬರುತ್ತಿದ್ದೆವು. ಅವರು ಸ್ಟೌಫ್‌ವಿಲ್ ಕಡೆಯಿಂದ, ನಾನು ಸಿಟಿ ಕಡೆಯಿಂದ. ಒಂದು ಸಂಜೆ ಯಾವುದೋ ಪೂಜೆಗೆಂದು ಅಕ್ಕನ ಜೊತೆಯಲ್ಲೇ ಅವರ ಮನೆಗೆ ಹೊರಟಿದ್ದೆ. ಯೂನಿಯನ್‌ವಿಲ್‌ನಲ್ಲಿ ರೈಲು ಹತ್ತಿ ಕೂತಾಗ, ಲ್ಯಾಬಿನಲ್ಲಿ ನನಗೆ ಅರ್ಥವಾಗದೆ ಉಳಿದಿದ್ದ ಒಂದು ಸಂಗತಿಯನ್ನು ಕೇಳಿದೆ. ಪ್ರತಿ ಪ್ರಯೋಗದಲ್ಲೂ ರೆಫರೆನ್ಸ್ ಜೀನ್ ಅಂತ ಒಂದನ್ನು ಯಾಕೆ ಹಾಕುತ್ತೇವೆ?

"ಒಂದು ಜೀನು ಎಷ್ಟು ಕೆಲಸ ಮಾಡಾಕತ್ತೈತಿ ಅಂತ ಅಳೀಬೇಕು, ಹೌದಲ್ಲ? ಆದ್ರ ಒಂದು ಟ್ಯೂಬಿನ್ಯಾಗ ಕೋಶ ಹೆಚ್ಚ ಇರ್ತಾವ, ಇನ್ನೊಂದ್ರಾಗ ಕಡಿಮಿ. ಅದಕ, ಏನು ಮಾಡಿದ್ರೂ ಬದಲಾಗದಂಥ ಒಂದು ಜೀನು ಹಿಡಕೊಂಡು, ಅದರ ಲೆಕ್ಕದಾಗ ಉಳಿದದ್ದು ನೋಡೂದು."

ಅಷ್ಟರಲ್ಲಿ ರೈಲು ಚಲಿಸಿದಂತಾಯಿತು. ನಾನು ಕಂಬಿ ಹಿಡಿದುಕೊಂಡೆ. ನಮ್ಮದು ನಿಂತೇ ಇತ್ತು. ಹೊರಟಿದ್ದು ಪಕ್ಕದ ಹಳಿಯ ರೈಲು.

ಅಕ್ಕ ಚಪ್ಪಾಳೆ ತಟ್ಟಿದರು. "ನೋಡಿದಿ? ಆ ಗಾಡಿ ನೋಡಿ ನಮ್ಮದ ಹೊಂಟಿತು ಅನ್ಕೊಂಡಿ. ಪ್ಲಾಟ್‌ಫಾರ್ಮಿನ ಕಂಬ ನೋಡಬೇಕಾಗಿತ್ತು. ಲ್ಯಾಬಿನ್ಯಾಗೂ ಅಷ್ಟ. ಯಾವುದು ಕಂಬ, ಯಾವುದು ಗಾಡಿ ಅಂತ ಮೊದಲ ನೋಡ್ಕೋಬೇಕು. ನಮ್ಮ ಲ್ಯಾಬಿನ್ಯಾಗ ಯಾರು ನೋಡ್ಯಾರ?"

ಅದು ಬರೀ ಮಾತಾಗಿರಲಿಲ್ಲ. ಆ ಹೊತ್ತಿಗಾಗಲೇ ಅವರು ನೋಡತೊಡಗಿದ್ದರು.

ಅವರ ಮನೆ ಎಂದರೆ ಹೊಸ ಬಡಾವಣೆಯ ಮನೆಯೊಂದರ ಬೇಸ್‌ಮೆಂಟು. ಕೈಯೆತ್ತಿದರೆ ತಾಗುವ ಚಾವಣಿ, ಗೋಡೆಯ ಮೇಲ್ಭಾಗದಲ್ಲಿ ಅಂಗೈಯಗಲದ ಕಿಟಕಿ, ಚಳಿಗಾಲದಲ್ಲಿ ಅದಕ್ಕೂ ಹಿಮ ಮುಚ್ಚಿರುತ್ತಿತ್ತು. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದ ಗಂಡ ಇಲ್ಲಿ ವೇರ್‌ಹೌಸ್ ಶಿಫ್ಟಿಗೆ ಹೋಗುತ್ತಿದ್ದರು. ಮಗಳು ಹನ್ನೆರಡನೇ ಗ್ರೇಡಿನಲ್ಲಿದ್ದಳು. ತಾಯಿ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಲ್ಲಿಯೇ ನೆಲೆಸಲು ಬೇಕಾದ ಪರ್ಮನೆಂಟ್ ರೆಸಿಡೆನ್ಸಿ, ಅಂದರೆ ಪಿಆರ್, ಅದರ ಅರ್ಜಿ ಎಲ್ಲೋ ಕೊಳೆಯುತ್ತಿತ್ತು. ಅದು ಬರುವವರೆಗೆ ಅಕ್ಕನ ವರ್ಕ್ ಪರ್ಮಿಟ್ಟೇ ಎಲ್ಲರಿಗೂ ಆಧಾರ. ಅದರಲ್ಲಿ ನಮ್ಮ ಲ್ಯಾಬಿನ ಹೆಸರೊಂದೇ ಇತ್ತು. "ಒಂದ ಹಗ್ಗಕ್ಕ ಮೂರೂ ಮಂದಿ ಜೋತಬಿದ್ದೀವಿ," ಎಂದು ಅವರೇ ನನಗೆ ಹೇಳಿದ್ದರು.

ಲ್ಯಾಬಿನಲ್ಲಿ ಮೊದಲಿನಿಂದಲೂ ರೆಫರೆನ್ಸ್ ಆಗಿ ಬಳಸುತ್ತಿದ್ದುದು ಗ್ಯಾಪ್‌ಡಿಎಚ್ ಎಂಬ ಜೀನನ್ನು. ಎಷ್ಟೋ ಲ್ಯಾಬುಗಳಲ್ಲಿ ಅದೇ ರೂಢಿ. ಜೀವಕೋಶ ಸಕ್ಕರೆಯನ್ನು ಒಡೆದು ಶಕ್ತಿ ಮಾಡಿಕೊಳ್ಳುವ ಕೆಲಸಕ್ಕೆ ಅದು ಬೇಕು, ಆದ್ದರಿಂದ ಯಾವಾಗಲೂ ಒಂದೇ ಸಮ ಇರುತ್ತದೆಂಬ ನಂಬಿಕೆ. ಅಕ್ಕನ ಅನುಮಾನ ಹುಟ್ಟಿದ್ದೇ ಅಲ್ಲಿ. ಉಸಿರು ಕಟ್ಟಿದ ಕೋಶ ಬದುಕಲು ಇನ್ನಷ್ಟು ಸಕ್ಕರೆ ಒಡೆಯುತ್ತದೆ. ನಮ್ಮ ಔಷಧಿ ಅದನ್ನು ಇನ್ನೂ ಅದೇ ದಾರಿಗೆ ದೂಡುತ್ತದೆ. ಹಾಗಿರುವಾಗ ಈ ಜೀನು ಮಾತ್ರ ಅಲುಗಾಡದೆ ಇದ್ದೀತೆ?

ಬೇರೆ ಬೇರೆ ಕೆಲಸ ಮಾಡುವ ಹಲವು ಜೀನುಗಳನ್ನು ಆರಿಸಿ, ಔಷಧಿ ಹಾಕಿದ ಕೋಶ, ಹಾಕದ ಕೋಶ, ಆಮ್ಲಜನಕ ಇದ್ದಾಗ, ಇಲ್ಲದಾಗ, ಎಲ್ಲದರಲ್ಲೂ ಅಳೆದರು. ಪ್ರತಿಯೊಂದನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಿದರು. ಕೆಲವು ಅಲುಗಾಡದೆ ನಿಂತವು. ಗ್ಯಾಪ್‌ಡಿಎಚ್ ಔಷಧಿ ಹಾಕಿದಾಗಲೆಲ್ಲ ಏರಿತ್ತು. ಅಳತೆಗೋಲೇ ಉದ್ದವಾದರೆ ಅಳೆದದ್ದು ಗಿಡ್ಡವಾಗಿ ಕಾಣುತ್ತದೆ. ಕೋಶಕ್ಕೆ ಹಾನಿಯಾದಾಗ ಏರುವ ಜೀನು ನಮ್ಮ ಔಷಧಿಯಿಂದ ಇಳಿಯುತ್ತದೆ ಎಂದು ನಾವೆಲ್ಲ ಸಂಭ್ರಮಿಸಿದ್ದೆವಲ್ಲ, ಅದು ಇಳಿದೇ ಇರಲಿಲ್ಲ.

ಅಕ್ಕ ಬಾಸ್ ಕೋಣೆಗೆ ಹೋಗಿ ಎಲ್ಲವನ್ನೂ ತೋರಿಸಿದರು. ಬಾಸ್ ಕೆಟ್ಟ ಮನುಷ್ಯರಲ್ಲ. ನನಗೆ ಜ್ವರ ಬಂದಾಗ ತಾವೇ ಸೂಪ್ ತಂದುಕೊಟ್ಟವರು. ಆದರೆ ಗ್ರಾಂಟು ಆ ವರ್ಷ ಮುಗಿಯುತ್ತಿತ್ತು, ಅದರ ಮುಂದುವರಿಕೆ ಈ ಔಷಧಿಯ ಮೇಲೆ ನಿಂತಿತ್ತು, ಆಸ್ಪತ್ರೆಯೊಂದರ ವೈದ್ಯರು ಅದನ್ನು ಮುಂದಿನ ಹಂತಕ್ಕೆ ಒಯ್ಯಲು ಬರುವವರಿದ್ದರು. ಎಲ್ಲರೂ ಬಳಸುವ ಜೀನಿನ ಬಗ್ಗೆ ಯಾರೂ ಪ್ರಶ್ನೆ ಎತ್ತುವುದಿಲ್ಲ, ಇದನ್ನು ಇಲ್ಲಿಗೇ ಬಿಡಿ ಎಂದರಂತೆ. ಅಕ್ಕ ಹೊರಬಂದಾಗ ಕಿವಿಯವರೆಗೂ ಕೆಂಪಾಗಿದ್ದರು.

ಮರುದಿನ ಊಟದ ಹೊತ್ತಿಗೆ ನಾನೇ ಬೇಡಿಕೊಂಡೆ. "ಅಕ್ಕಾ, ದಯವಿಟ್ಟು ಇದನ್ನ ಎಳೀಬೇಡಿ. ಪ್ರಾಜೆಕ್ಟ್ ನಿಂತರೆ ನನ್ನ ಕೆಲಸ ಹೋಗುತ್ತೆ. ಪಿಆರ್‌ಗೆ ನನಗೆ ಇಲ್ಲಿನ ಅನುಭವ ಇನ್ನೂ ಬೇಕು. ನಿಮ್ಮದೂ ಅಷ್ಟೇ ಅಲ್ವಾ?"

ಅವರು ಚಮಚ ಕೆಳಗಿಟ್ಟರು. "ನಿನಗೇನಾಗ್ತೈತೋ ನನಗ ಗೊತ್ತಿಲ್ಲ, ತಂಗಿ. ಏನೂ ಆಗಂಗಿಲ್ಲ ಅಂತ ಸುಳ್ಳ ಧೈರ್ಯ ಹೇಳಂಗಿಲ್ಲ. ನಾನಾಗಿ ಏನೂ ಹೇಳಾಕ ಹೋಗಂಗಿಲ್ಲ. ಆದ್ರ ಯಾರರ ಕೇಳಿದ್ರ..." ಅಲ್ಲಿಗೆ ನಿಲ್ಲಿಸಿ ಡಬ್ಬಿ ಮುಚ್ಚಿದರು.

ಕೇಳಿಯೇಬಿಟ್ಟರು. ಆಸ್ಪತ್ರೆಯಿಂದ ಬಂದವರಲ್ಲಿ ನರೆತ ಕೂದಲಿನ ಒಬ್ಬ ಮಹಿಳಾ ಸರ್ಜನ್ ಇದ್ದರು. ಬಾಸ್ ಚಿತ್ರಗಳನ್ನೆಲ್ಲ ತೋರಿಸಿ ಮುಗಿಸಿದ ಮೇಲೆ ಆಕೆ, ಈ ರೆಫರೆನ್ಸ್ ಜೀನನ್ನು ಆಮ್ಲಜನಕ ಕಡಿಮೆ ಇದ್ದಾಗ, ಔಷಧಿಯ ಜೊತೆ, ಬೇರೆಯಾಗಿ ಪರೀಕ್ಷಿಸಿದ್ದೀರಾ ಎಂದು ಕೇಳಿದರು. ಇದು ಎಲ್ಲೆಡೆ ನಡೆದುಬಂದ ಪದ್ಧತಿ ಎಂದರು ಬಾಸ್. ಆಕೆಗೆ ಸಮಾಧಾನವಾಗಲಿಲ್ಲ. ಬಾಸ್ ಅಕ್ಕನ ಕಡೆ ತಿರುಗಿ, "ಕೆಲಸ ಮಾಡಿದವರು ಇವರು, ಇವರೇ ಖಚಿತಪಡಿಸುತ್ತಾರೆ," ಎಂದರು. ಧ್ವನಿಯಲ್ಲಿ ಆಜ್ಞೆಗಿಂತ ಬೇಡಿಕೆಯೇ ಹೆಚ್ಚಿತ್ತು.

ಅಕ್ಕ ಎರಡೂ ಅಂಗೈಗಳನ್ನು ಮೇಜಿಗೆ ಒತ್ತಿಕೊಂಡಿದ್ದರು. "ಪರೀಕ್ಷಿಸಿದ್ದೇನೆ," ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. "ಸ್ಥಿರವಾಗಿಲ್ಲ."

ಸರ್ಜನ್ ಕಾಗದಗಳನ್ನು ಮಡಿಸಿ, ಇನ್ನೊಮ್ಮೆ ಮಾಡಿ ತೋರಿಸಿ, ಅಲ್ಲಿಯವರೆಗೆ ಕಾಯುತ್ತೇವೆ ಎಂದು ಹೇಳಿ ಹೊರಟರು. ನಾನು ಆ ವಾರವೆಲ್ಲ ಅಕ್ಕನೊಡನೆ ಮಾತಾಡಲಿಲ್ಲ. ಅವರೂ ಮಾತಾಡಿಸಲಿಲ್ಲ. ನನ್ನ ಮೇಜಿನ ಮೇಲೆ ದಿನವೂ ಒಂದು ಕಿತ್ತಳೆ ಹಣ್ಣು ಇಟ್ಟು ಹೋಗುತ್ತಿದ್ದರು.

ಬಾಸ್ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಪರ್ಮಿಟ್ಟಿನ ಅವಧಿ ಮುಗಿಯುತ್ತಾ ಬಂದಾಗ ನವೀಕರಣಕ್ಕೆ ಬೇಕಾದದ್ದನ್ನೆಲ್ಲ ಮಾಡಿಕೊಟ್ಟರು. "ಆತಗ ಸಿಟ್ಟು ನನ್ನ ಮ್ಯಾಲೆ, ನನ್ನ ಮಗಳ ಮ್ಯಾಲಲ್ಲ," ಎಂದರು ಅಕ್ಕ. ಆದರೆ ಪ್ರಯೋಗ ಮಾಡುವ ಬೆಂಚನ್ನು ಬಾಸ್ ಕಸಿದುಕೊಂಡರು. ಪ್ರಯೋಗವನ್ನು ಮತ್ತೆ ಮಾಡುವ ಹೊಣೆ ಇನ್ನೊಬ್ಬ ಸಂಶೋಧಕನಿಗೆ ಹೋಯಿತು. ಅಕ್ಕನಿಗೆ ಸಿಕ್ಕಿದ್ದು ಫ್ರೀಜರುಗಳ ಕೋಣೆ. ಕೈಗವಸು ತರಿಸುವುದು, ಹಳೆಯ ಟ್ಯೂಬುಗಳನ್ನು ವಿಂಗಡಿಸುವುದು, ದ್ರವವನ್ನು ಹನಿಹನಿಯಾಗಿ ಹೀರಿ ಹಾಕುವ ಪಿಪೆಟ್ಟುಗಳು ಸರಿಯಾಗಿ ಅಳೆಯುತ್ತವೆಯೇ ಎಂದು ನೋಡುವುದು. ಆ ಕೋಣೆಗೆ ಕಿಟಕಿ ಇರಲಿಲ್ಲ. ದೊಡ್ಡ ಫ್ರೀಜರುಗಳು ಹಗಲಿಡೀ ಗುಂಯ್‌ಗುಡುತ್ತಿದ್ದವು. ಅವುಗಳ ನಡುವೆ ಒಂದು ಕುರ್ಚಿ ಹಿಡಿಯುವಷ್ಟೇ ಜಾಗ. ಬೆಳಕು ಹರಿಯುವ ಮುಂಚೆ ಬೇಸ್‌ಮೆಂಟಿನಿಂದ ಹೊರಟು ಆ ಕೋಣೆ ಸೇರುತ್ತಿದ್ದರು. ಹೊರಬರುವಾಗ ಹೊರಗೆ ಮತ್ತೆ ಕತ್ತಲೆ. ಆ ಚಳಿಗಾಲ ಅವರು ಬಿಸಿಲನ್ನು ಶನಿವಾರ, ಭಾನುವಾರ ಮಾತ್ರ ಕಂಡಿರಬೇಕು.

"ಬಿಟ್ಟುಬಿಡಿ ಅಕ್ಕಾ," ಎಂದೆ ಒಂದು ದಿನ. ಅಷ್ಟು ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು.

"ಬಿಟ್ಟು ಎಲ್ಲಿ ಹೋಗ್ಲಿ? ಇಲ್ಲಿಂದ ಕಾಲು ತಗದ್ರ ಕಾಫಿ ಅಂಗಡ್ಯಾಗ ನಿಂದ್ರಾಕೂ ನನಗ ಪರವಾನಗಿ ಇಲ್ಲ. ತಿರುಗಿ ಹೋಗೋಣು ಅಂದ್ರ ಮಗಳ ವರ್ಷ ಹಾಳಾಗ್ತೈತಿ. ಆಕಿನೂ ಬರಂಗಿಲ್ಲ ಅಂತ ಕುಂತಾಳ." ಕೈಗವಸಿನ ಪೆಟ್ಟಿಗೆಯೊಂದನ್ನು ಪಕ್ಕಕ್ಕೆ ಸರಿಸಿ, "ಇವರ ಮುಂದ ಏನೂ ಹೇಳಿಲ್ಲ. ಮನ್ಯಾಗ ಎಲ್ಲಾರೂ ನಾನು ಇನ್ನೂ ಬೆಂಚಿನ್ಯಾಗ ಅದೀನಿ ಅಂತ ತಿಳಕೊಂಡಾರ," ಎಂದರು.

ಅವರು ಸೊರಗಿದರು. ‘ಯಾರು ನೋಡ್ಯಾರ?’ ಎನ್ನುವುದನ್ನೇ ಬಿಟ್ಟರು. ಏನು ಹೇಳಿದರೂ "ಇರಬಹುದು" ಎನ್ನುವಷ್ಟು ಮೆತ್ತಗಾದರು. ಆ ‘ಇರಬಹುದು’ ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಕಿವಿ ನಿಮಿರುತ್ತಿತ್ತು. ಆ ಸಂಶೋಧಕ ಏನು ಮಾಡುತ್ತಿದ್ದಾನೆ? ಅವನು ಗ್ಯಾಪ್‌ಡಿಎಚ್ ಜೊತೆಗೆ ಇನ್ನೊಂದು ಜೀನನ್ನು ಸೇರಿಸಿದ್ದ. ಎರಡರ ಅನುಪಾತ ಎಲ್ಲ ಪರಿಸ್ಥಿತಿಯಲ್ಲೂ ಒಂದೇ ಬಂದಿತ್ತು, ಕಂಪ್ಯೂಟರ್ ಪ್ರೋಗ್ರಾಂ ಎರಡನ್ನೂ ಸ್ಥಿರವೆಂದು ತೋರಿಸಿತ್ತು. ನಾನು ಆ ಎರಡನೇ ಜೀನಿನ ಹೆಸರು ಹೇಳುತ್ತಲೇ ಅಕ್ಕ ಕುರ್ಚಿಯಿಂದ ಎದ್ದುಬಿಟ್ಟರು.

"ಅದೂ ಸಕ್ಕರಿ ಒಡಿಯೂದನ! ಇಬ್ಬರೂ ಒಂದ ಮನಿಯವರು. ಕೂಡೇ ಏರ್ತಾರ, ಕೂಡೇ ಇಳೀತಾರ. ಒಬ್ಬನ ಪರವಾಗಿ ಇನ್ನೊಬ್ಬ ಸಾಕ್ಷಿ ಹೇಳಿದ್ರ ಕಟ್ಟಿ ಮ್ಯಾಲೆ ಕುಂತವರು ಒಪ್ಪಬಹುದು, ನಾವು ಒಪ್ಪಬೇಕೇನು?" ಎರಡು ಹೆಜ್ಜೆ ಆಚೆ ಹೋದರೆ ಫ್ರೀಜರು, ಈಚೆ ಬಂದರೆ ಗೋಡೆ. ಅಷ್ಟರಲ್ಲೇ ತಿರುಗಾಡಿದರು. "ಇದನ್ನ ತಗೊಂಡು ಆಸ್ಪತ್ರಿಯವರು ಮುಂದ ಹೋಗ್ತಾರ, ತಂಗಿ. ವರ್ಷಾನುಗಟ್ಟಲೆ ಕಾದು ಕುಂತ ಮಂದಿಗೆ ಒಂದು ಕಿಡ್ನಿ ಬರತೈತಿ. ಅದಕ ಈ ನೀರಿನಂಥಾ ಔಷಧ ಹಾಕ್ತಾರ."

ನಾನು ಆ ಸಂಶೋಧಕನಿಗೆ ಹೇಳಿದೆ. ಅವನು ಪ್ರೋಗ್ರಾಂ ತೋರಿಸಿದ. ಅಕ್ಕ ಬಾಸ್‌ಗೆ ಮೇಲ್ ಬರೆದರು, ಉತ್ತರ ಬರಲಿಲ್ಲ. ಹೊಸ ಫಲಿತಾಂಶ ಆಸ್ಪತ್ರೆಗೆ ಹೋಗುವ ದಿನ ಗೊತ್ತಾಯಿತು.

ಅದಕ್ಕೆ ತುಸು ಮೊದಲು, ಹಿಮವೆಲ್ಲ ಕರಗಿದ ಒಂದು ಸೋಮವಾರ, ಊಟದ ಹೊತ್ತಿನಲ್ಲಿ ಅಕ್ಕನ ಫೋನು ಟಣ್ಣೆಂದಿತು. ಓದಿದರು, ಫೋನನ್ನು ಬೋರಲು ಮಾಡಿಟ್ಟು ಉಳಿದ ಮೊಸರನ್ನ ತಿಂದು ಮುಗಿಸಿದರು. ಆಮೇಲೆ, "ಪಿಆರ್ ಬಂತು," ಎಂದರು. ನಾನು ಕಿರುಚಿ ಅವರನ್ನು ತಬ್ಬಿಕೊಂಡೆ. ಅವರ ಮೈ ಕಟ್ಟಿಗೆಯಂತೆ ಸೆಟೆದಿತ್ತು.

"ಇವತ್ತೇ ರಾಜೀನಾಮೆ ಕೊಡ್ತೀರಾ?"

"ನಡಿ, ನೀನೂ ಬಾ," ಎಂದು ನೇರ ಬಾಸ್ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಅಕ್ಕ ಸುದ್ದಿ ಹೇಳಿದರು, ಬಾಸ್ ಅಭಿನಂದಿಸಿದರು. ಅವರ ಮುಖದಲ್ಲಿ ಭಯ ಎದ್ದು ಕಾಣುತ್ತಿತ್ತು. ಇನ್ನು ಈಕೆ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರ ಮುಂದೆ ಬೇಕಾದರೂ ಹೇಳಬಹುದು.

"ನಾನು ಹೊರಗೆ ಹೋಗಿ ಹೇಳುವುದಿಲ್ಲ," ಎಂದರು ಅಕ್ಕ. "ನೀವೇ ನೋಡಬೇಕು. ನನಗೆ ಈ ವಾರ ಮಷೀನು ಕೊಡಿ. ಇವಳನ್ನು ಜೊತೆಗೆ ಕೊಡಿ."

ಬಾಸ್ ಮಷೀನಿನ ವೇಳಾಪಟ್ಟಿಯಲ್ಲಿ ಆ ವಾರಕ್ಕೆ ಅಕ್ಕನ ಹೆಸರು ಬರೆದರು.

ಆ ವಾರ ಅಕ್ಕನ ಕೈ ನೋಡುವುದೇ ನನಗೆ ಒಂದು ಪಾಠವಾಗಿತ್ತು. ಚಳಿಗಾಲವೆಲ್ಲ ಪಿಪೆಟ್ಟು ಹಿಡಿಯದ ಕೈ ಮೊದಲ ದಿನ ತುಸು ತಡವರಿಸಿತು, ಆಮೇಲೆ ಹಿಡಿತಕ್ಕೆ ಬಂತು. ಹೊಸ ಕೋಶಗಳಿಂದ ಎಲ್ಲವನ್ನೂ ಮೊದಲಿನಿಂದ ಮಾಡಿದರು. ಅಲುಗಾಡದ ಜೀನುಗಳ ಲೆಕ್ಕದಲ್ಲೇ ಅಳೆದರು. ಯಾವ ಟ್ಯೂಬಿನಲ್ಲಿ ಔಷಧಿ ಇದೆಯೆಂದು ತಮಗೆ ಗೊತ್ತಾಗದಂತೆ ನನ್ನಿಂದಲೇ ಗುರುತು ಹಾಕಿಸಿದರು. "ನನಗ ಏನು ಬೇಕಾಗೈತಿ ಅಂತ ನನ್ನ ಕೈಗೆ ತಿಳೀಬಾರದು," ಎಂದರು. ಒಳಗೊಳಗೇ, ತಮ್ಮದೇ ತಪ್ಪಾಗಿರಲಿ, ಔಷಧಿ ಕೆಲಸ ಮಾಡಲಿ ಎಂದು ಅವರಿಗೂ ಅನಿಸಿತ್ತಂತೆ. ಅದನ್ನು ಅವರೇ ಹೇಳಿದರು.

ಶುಕ್ರವಾರ ಮಧ್ಯಾಹ್ನ ಪರದೆಯ ಮೇಲೆ ಫಲಿತಾಂಶ ಬಂತು. ಔಷಧಿ ಹಾಕಿದ ಕೋಶ, ಹಾಕದ ಕೋಶ, ನಕ್ಷೆಯಲ್ಲಿ ಎರಡರ ಕಂಬಗಳೂ ಒಂದೇ ಎತ್ತರ. ಬಾಸ್ ಕುರ್ಚಿ ಎಳೆದುಕೊಂಡು ಕೂತರು. ಮೂಲ ಅಂಕಿಗಳನ್ನು ಕೇಳಿ ನೋಡಿದರು. ಸಕ್ಕರೆ ಒಡೆಯುವ ಆ ಎರಡು ಜೀನುಗಳನ್ನು ಅಲುಗಾಡದವುಗಳ ಪಕ್ಕ ಇಟ್ಟು ತಾವೇ ಲೆಕ್ಕ ಹಾಕಿದರು. ಎರಡೂ ಜೊತೆಜೊತೆಯಾಗಿ ಏರಿದ್ದು ಅವರಿಗೂ ಕಂಡಿತು. ಅಲ್ಲಿಂದಲೇ ಫೋನು ಎತ್ತಿ ಸರ್ಜನ್‌ಗೆ, ನಮ್ಮ ಔಷಧಿಯಿಂದ ಪ್ರಯೋಜನವಿಲ್ಲ, ಇದನ್ನು ನಿಲ್ಲಿಸೋಣ ಎಂದು ನಮ್ಮೆದುರಿಗೇ ಹೇಳಿದರು. ಫೋನು ಇಟ್ಟು, "ಸೋಮವಾರವೇ ನೀವು ಹೋಗಿಬಿಡಬಹುದಿತ್ತು," ಎಂದರು ಅಕ್ಕನಿಗೆ.

"ಹೌದು," ಎಂದರು ಅಕ್ಕ. ಅಷ್ಟೇ.

ಪ್ರಾಜೆಕ್ಟು ನಿಂತಿತು. ಬೇಸಿಗೆ ಮುಗಿಯುವುದರೊಳಗೆ ನನ್ನ ಕೆಲಸವೂ ಹೋಯಿತು. ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಮತ್ತೆ ಕೆಳಗಿನಿಂದ ಶುರುಮಾಡಿದೆ. ನನ್ನ ಪಿಆರ್ ತಡವಾಗಿ ಬಂತು. ತೊಂದರೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕನೂ ಹಾಗೆ ಹೇಳೆಂದು ನನ್ನನ್ನು ಎಂದೂ ಕೇಳಲಿಲ್ಲ.

ಫಲಿತಾಂಶ ಬಂದ ಆ ಶುಕ್ರವಾರವೇ ಅಕ್ಕ ಕೆಲಸ ಬಿಟ್ಟರು. ಬೀಳ್ಕೊಡುಗೆ ಇರಲಿಲ್ಲ, ಕೇಕೂ ಇರಲಿಲ್ಲ. ಅಕ್ಕ ಲ್ಯಾಬ್ ಕೋಟು ಕಳಚಿ ಮೊಳೆಗೆ ಹಾಕಿ, ಊಟದ ಚೀಲ ತೆಗೆದುಕೊಂಡು ಸ್ಟೇಷನ್ನಿಗೆ ಹೊರಟರು. ನಾನು ಪ್ರಯೋಗದ ಪ್ಲೇಟುಗಳನ್ನು ಎತ್ತಿಡುತ್ತಿದ್ದಾಗ ಅವರ ಫೋನು ಬಂತು.

"ತಂಗಿ, ರೈಲಿನ್ಯಾಗ ನಿದ್ದಿ ಹತ್ತಿಬಿಟ್ಟಿತ್ತವಾ. ಸ್ಟೌಫ್‌ವಿಲ್ ದಾಟಿ ಕಡೀ ಸ್ಟೇಷನ್ನಿಗೆ ಬಂದಬಿಟ್ಟೀನಿ. ಆ ಗಾರ್ಡ್ ಬಂದು ಎಬ್ಬಿಸಿದ."

"ಅಯ್ಯೋ! ಈಗ ಹೇಗೆ ಬರ್ತೀರಾ?"

"ಇವರು ಕಾರು ತಗೊಂಡು ಹೊಂಟಾರ. ಸಾವಕಾಶ ಬರ್ರಿ, ಗಡಿಬಿಡಿ ಇಲ್ಲ ಅಂತ ಹೇಳೀನಿ." ಫೋನಿನಲ್ಲಿ ಗಾಳಿ ಬೀಸುವುದು ಕೇಳಿಸುತ್ತಿತ್ತು. "ಇಲ್ಲಿ ಸುತ್ತಲೂ ಬರೇ ಹೊಲ ಅದಾವ ನೋಡು. ಬಿಸಲೂ ಐತಿ. ಒಂದು ನರಪಿಳ್ಳಿ ಇಲ್ಲ. ಹಂಗ ಅಡ್ಡಾಡಾಕತ್ತೀನಿ."

ಅವರು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಜಲ್ಲಿಕಲ್ಲಿನ ಮೇಲೆ ಅವರು ಸಾವಕಾಶವಾಗಿ ಹೆಜ್ಜೆ ಹಾಕುತ್ತಿರುವುದನ್ನು ಕೇಳುತ್ತಾ ನಿಂತೆ.